ಮೂರು ಕಲ್ಲಿನ ಗುರುತು

ನಲವತ್ನಾಲ್ಕು ವರ್ಷದ ಯುನೂಸ ಹನ್ನೆರಡು ಅಡಿ ಉದ್ದದ ಗಾಳದ ರಾಡನ್ನು ಹೆಗಲ ಮೇಲೆ ಹೊತ್ತು ಹಿನ್ನೀರಿನ ದಂಡೆಗೆ ಇಳಿದ ಮೊದಲ ದಿನ ನಕ್ಕವರೇ ನಕ್ಕರು. ನಗದೆ ಏನು ಮಾಡಿಯಾರು ಪಾಪ! ಅದು ಸಮುದ್ರದ ದಂಡೆಯಲ್ಲಿ ನಿಂತು, ತೆರೆಗಳನ್ನು ದಾಟಿಸಿ ಗಾಳ ಎಸೆಯಲೆಂದು ಮಾಡಿದ ರಾಡು. ಬಾಗಲಕೋಟೆಯ ಹಿನ್ನೀರಿನಲ್ಲಿ ತೆರೆ ಎಲ್ಲಿಂದ ಬರಬೇಕು? ಎಮ್ಮೆ ಇಳಿದು ಮೈ ಕೊಡವಿದರೆ ಏಳುತ್ತದಲ್ಲ, ಅಷ್ಟೇ ಅಲ್ಲಿಯ ಅಲೆ.

ಹರಗೋಲಿನಲ್ಲಿ ಕೂತು ಬಲೆ ಬಿಡಿಸುತ್ತಿದ್ದ ಈರಪ್ಪ ಕೂಗಿಯೇಬಿಟ್ಟ. "ಏನ್ರಿ ಯುನೂಸಭಾಯಿ, ನೀರಿಗೆ ಆಂಟೆನಾ ಹಚ್ಚಾಕ ಬಂದೀರೇನ್ರಿ? ನಮ್ಮ ಮೀನಗೋಳು ಇನ್ನ ಮ್ಯಾಲ ಸೀರಿಯಲ್ ನೋಡ್ತಾವೇನು?"

ಯುನೂಸ ಮೊಬೈಲಿನಲ್ಲಿ ನೋಡಿದ್ದಂತೆ ಕಾಲು ಅಗಲಿಸಿ ನಿಂತ, ದಾರವನ್ನು ತೋರುಬೆರಳಿಗೆ ಸಿಕ್ಕಿಸಿಕೊಂಡ, ರಾಡನ್ನು ಬೆನ್ನ ಹಿಂದೆ ಒಯ್ದು ಇದ್ದಬಿದ್ದ ಬಲವನ್ನೆಲ್ಲ ಹಾಕಿ ಬೀಸಿದ. ಫಟ್ ಎಂದಿತು. ದಾರದ ತುದಿಗೆ ಭಾರಕ್ಕೆಂದು ಕಟ್ಟಿದ್ದ ಸೀಸದ ಗುಂಡು ಹಾರಿ ಹೋಯಿತು, ಬಲು ಚೆನ್ನಾಗಿ ಹೋಯಿತು, ಆದರೆ ದಾರವನ್ನು ಇಲ್ಲೇ ಬಿಟ್ಟು ಹೋಯಿತು. ತೋರುಬೆರಳು ಸೀಳಿ ರಕ್ತ ಚಿಮ್ಮಿತು. ಈರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಮೀನಿಗೆ ಗುಂಡು ಹೊಡದ್ರೇನು? ಸತ್ತು ತೇಲಿದ್ರ ಹೇಳಿ ಕಳಸ್ತೇನಿ ತಗೋರಿ!"

ನವನಗರದಲ್ಲಿ ಯುನೂಸನದು ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿ ಕೊಡುವ ಅಂಗಡಿ. ಇಪ್ಪತ್ತು ವರ್ಷ ತಾಮ್ರದ ತಂತಿಯನ್ನು ಮಾತು ಕೇಳುವಂತೆ ಮಾಡಿದ ಕೈ ಅವನದು. ಅಂಥವನಿಗೆ ಒಂದು ನೈಲಾನ್ ದಾರ ಬಗ್ಗಲಿಲ್ಲವೆಂದರೆ ಅವಮಾನವೇ. ಆದರೆ ಆ ದಿನ ಅವನಿಗೆ ಅವಮಾನ ಹತ್ತಲಿಲ್ಲ. ಕಿತ್ತ ದಾರದ ತುದಿಯನ್ನು ನೋಡುತ್ತ, ನನ್ನ ತಮ್ಮನ ಮೊದಲ ಗುಂಡೂ ಹೀಗೇ ಹಾರಿ ಹೋಗಿತ್ತೋ ಏನೋ ಎಂದುಕೊಂಡ. ಆ ರಾಡು ತಮ್ಮ ರಿಜ್ವಾನನದು. ರಿಜ್ವಾನ ಕಾಣೆಯಾಗಿ ಎರಡೂವರೆ ತಿಂಗಳಾಗಿತ್ತು.

ರಿಜ್ವಾನ ಅಣ್ಣನಿಗಿಂತ ಹದಿಮೂರು ವರ್ಷ ಚಿಕ್ಕವ. ಟೈಲ್ಸ್ ಹಾಕುವ ಕೆಲಸಗಾರ. ದೀಪಾವಳಿ ಆದದ್ದೇ ಅಂಕೋಲಾ ಕಡೆಗೆ ಒಂದು ಹೊಸ ಲಾಡ್ಜಿನ ಕೆಲಸಕ್ಕೆ ಹೋದ. ಹೋದವನು ಸಮುದ್ರ ಕಂಡ, ಸಮುದ್ರ ಕಂಡವನಿಗೆ ಹುಚ್ಚು ಹಿಡಿಯಿತು. ಎರಡನೆಯ ವಾರಕ್ಕೆ ರಾಡು ಕೊಂಡ, ಮೂರನೆಯ ವಾರಕ್ಕೆ ಅದನ್ನು ಬಸ್ಸಿನ ಮೇಲೆ ಕಟ್ಟಿಸಿಕೊಂಡು ಬಂದು ಮನೆಯವರಿಗೆಲ್ಲ ತೋರಿಸಿದ. ಹಿಡಿಕೆ ಬೆವರಿಗೆ ಜಾರುತ್ತದೆ ಎಂದು ಗೊಣಗಿದಾಗ ಅವನ ಹೆಂಡತಿ ಆಫ್ರೀನ ತನ್ನ ಗಂಟಿನಿಂದ ಕೆಂಪು ರೇಷ್ಮೆ ದಾರ ತೆಗೆದು, ಒತ್ತೊತ್ತಾಗಿ ಗೇಣುದ್ದ ಸುತ್ತಿ ಕೊಟ್ಟಳು. ಅವಳ ತವರು ಇಲಕಲ್ಲು. ಅಪ್ಪನದು ಸೀರೆಯ ಮಗ್ಗ. ಸೀರೆಯ ಮೈಯ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವುದು ಅಲ್ಲಿಯ ರೀತಿ, ಆ ಕೆಲಸವನ್ನು ಅವಳು ಎಂಟನೆಯ ವಯಸ್ಸಿಗೇ ಕಲಿತವಳು.

ಮುಂದಿನ ಐತವಾರ ರಿಜ್ವಾನ ಊರಿಗೆ ಬರಬೇಕಿತ್ತು. ಬರಲಿಲ್ಲ. ಫೋನಿನಲ್ಲಿ ಆಫ್ರೀನ ಸಿಡುಕಿದಳು, "ಆ ಸಮುದ್ರಾನ ನಿಕಾ ಮಾಡ್ಕೊಂಡ ಬಿಡ್ರಿ!" ಇವನೂ ಏನು ಕಡಿಮೆ ಸಿಟ್ಟಿನವನಲ್ಲ. "ಹೂಂ ತಗೋ, ಇನ್ನ ಆ ಮನಿಗೆ ಬರಂಗs ಇಲ್ಲ!" ಎಂದ. ಗಂಡಹೆಂಡಿರ ಇಂಥ ಮಾತು ಯಾವ ಮನೆಯಲ್ಲಿ ಆಗುವುದಿಲ್ಲ? ಬೆಳಗಾದರೆ ಮರೆತು ಹೋಗುವಂಥದ್ದು. ಆದರೆ ಫೋನು ಸ್ಪೀಕರಿನಲ್ಲಿತ್ತು, ಪಕ್ಕದಲ್ಲೇ ಅತ್ತೆ ಅಮೀನಬಿ ಅಕ್ಕಿ ಆರಿಸುತ್ತಿದ್ದಳು. ಮರುದಿನದಿಂದ ರಿಜ್ವಾನನ ಫೋನು ಹತ್ತಲೇ ಇಲ್ಲ.

ಯುನೂಸ ಅಂಕೋಲಾಕ್ಕೆ ಓಡಿದ. ಪೊಲೀಸರೊಂದಿಗೆ ದಂಡೆಗೆ ಹೋದಾಗ ರಾಡು ಒಂದು ದೋಣಿಗೆ ಆನಿಸಿ ನೆಟ್ಟಗೆ ನಿಂತಿತ್ತು, ಯಾರೋ ಕೆಲಸ ಮುಗಿಸಿ ಇಟ್ಟು ಹೋದಂತೆ. ಚಪ್ಪಲಿ ಇಲ್ಲ, ಚೀಲ ಇಲ್ಲ. ಹೆಣ ಒಂದು ವಾರವಾದರೂ ತೇಲಲಿಲ್ಲ. ದಂಡೆಯ ಜನರನ್ನು ಕೇಳಿದರೆ ಖಾಕಿ ನೋಡಿ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡರು. ಮನೆಯಲ್ಲಿ ಜಗಳವಾಗಿತ್ತೇ ಎಂದು ಪೊಲೀಸರು ಕೇಳಿದರು. ಆಗಿತ್ತು. ಬರುವುದಿಲ್ಲ ಎಂದಿದ್ದನೇ? ಎಂದಿದ್ದ. ಅಷ್ಟು ಸಾಕಾಯಿತು ಅವರಿಗೆ. ಕೊನೆಯ ಮೆಸೇಜು ಯಾರಿಗೆ ಎಂದು ಕೇಳಿದಾಗ ಯುನೂಸ ತನ್ನ ಮೊಬೈಲಿನಲ್ಲಿ ಒಂದು ಫೋಟೊ ತೆರೆದು ತೋರಿಸಿದ. ಐತವಾರ ಮಧ್ಯಾಹ್ನ ತಮ್ಮ ಅವನಿಗೆ ಕಳಿಸಿದ್ದು. ಮರಳಿನ ಮೇಲೆ ಮೂರು ಕಲ್ಲು, ಆಚೆ ನೀರು. "ಇದೇನ್ರಿ?" ಎಂದ ಪೊಲೀಸಿನವನಿಗೆ, "ಏನಿಲ್ರಿ ಸಾಹೇಬ್ರ, ನಮ್ಮೂರ ಒಂದು ಆಟ," ಎಂದ. ಪೊಲೀಸಿನವನು ಮೊಬೈಲನ್ನು ಹಿಂದಕ್ಕೆ ಕೊಟ್ಟ.

ಅದು ನಿಜವಾಗಿ ಆಟವಲ್ಲ. ಹಳೇ ಬಾಗಲಕೋಟೆ ಮುಳುಗಿ ಇವರೆಲ್ಲ ನವನಗರಕ್ಕೆ ಬಂದಾಗ ರಿಜ್ವಾನನಿಗೆ ಏಳೆಂಟು ವರ್ಷ. ಬೇಸಿಗೆಯಲ್ಲಿ ಹಿನ್ನೀರು ಇಳಿದು ಹಳೇ ಮನೆಗಳ ಗೋಡೆಬುಡ ಕಾಣತೊಡಗಿದರೆ ಯುನೂಸ ಅವನನ್ನು ಕರೆದುಕೊಂಡು ಹೋಗಿ, ತಮ್ಮದೇ ಮನೆಯ ಪಾವಟಿಗೆಯ ಮೇಲೆ ಕೂತು ಬಿದಿರು ಕೋಲಿನಿಂದ ಮೀನು ಹಿಡಿಯುತ್ತಿದ್ದ. ಹುಡುಗನಿಗೆ ನೀರೆಂದರೆ ಅಂಜಿಕೆ. ಹೆದರಿಕೆ ಬಿಡಿಸಲು ಅಣ್ಣ ಒಂದು ಉಪಾಯ ಕಲಿಸಿದ್ದ: ನೀರಿನ ಅಂಚಿಗೆ ಸಾಲಾಗಿ ಮೂರು ಕಲ್ಲು ಇಡು. ಸ್ವಲ್ಪ ಹೊತ್ತು ಬಿಟ್ಟು ನೋಡು. ಕಲ್ಲು ಒಣಗಿದ್ದರೆ ನೀರು ಇಳಿಯುತ್ತಿದೆ. ಇಳಿದ ನೀರು ಮತ್ತೆ ಮಳೆಗಾಲದವರೆಗೆ ಏರುವುದಿಲ್ಲ. ಎಷ್ಟು ಬೇಕೋ ಅಷ್ಟು ಮುಂದೆ ಹೋಗು. ಹಿನ್ನೀರಿನ ಮಂದಿಗೆಲ್ಲ ಇದು ಗೊತ್ತು. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಇದು ಸುಳ್ಳಾಗಿರಲಿಲ್ಲ.

ಊರ ಬಾಯಿಗೆ ಕೈ ಅಡ್ಡ ಹಿಡಿಯಲು ಯಾರಿಂದಾಗುತ್ತದೆ? ಹುನಗುಂದದ ಕಡೆಯ ಯಾವನೋ ಲಾರಿ ಡ್ರೈವರು ರಿಜ್ವಾನನನ್ನು ಗೋವಾದ ಮಡಗಾಂವ ಸ್ಟೇಷನ್ನಿನಲ್ಲಿ ನೋಡಿದೆನೆಂದ. ಅವನಿಗೆ ರಿಜ್ವಾನನ ಮುಖದ ಪರಿಚಯವಿತ್ತೋ ಇಲ್ಲವೋ, ದೇವರೇ ಬಲ್ಲ. ಅಮೀನಬಿ ಮಾತ್ರ ಆ ಮಾತನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಮಗ ಬದುಕಿದ್ದಾನೆ ಎಂದ ಒಬ್ಬನೇ ಒಬ್ಬ ಅವನು, ಆ ತಾಯಿ ಹೇಗೆ ಬಿಟ್ಟಾಳು? ಆದರೆ ಮಗ ಬದುಕಿದ್ದಾನೆಂದರೆ ಬಿಟ್ಟು ಹೋಗಿದ್ದಾನೆ ಎಂದಾಯಿತು. ಬಿಟ್ಟು ಹೋಗಿದ್ದಾನೆಂದರೆ ಓಡಿಸಿದವಳು ಒಬ್ಬಳು ಇರಬೇಕಲ್ಲ.

"ಆಕಿ ನಾಲಿಗಿ ನನ್ನ ಮಗನ್ನ ಊರ ಬಿಡಿಸಿತು," ಎಂದು ಅಮೀನಬಿ ಬಂದವರೆದುರೆಲ್ಲ ಹೇಳತೊಡಗಿದಳು. ಆಫ್ರೀನ ರೊಟ್ಟಿ ಬಡಿಯುತ್ತ ಅದನ್ನೆಲ್ಲ ಕೇಳುತ್ತಿದ್ದಳು. ಗಂಡ ಸತ್ತಿದ್ದರೆ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೆ ಇದ್ದತ್ತು ಕೂರಬೇಕು, ಅಳಬೇಕು, ನಾಲ್ಕು ಮಂದಿ ಬಂದು ಸಮಾಧಾನ ಹೇಳುತ್ತಾರೆ. ಬಿಟ್ಟು ಹೋದವನ ಹೆಂಡತಿಗೆ ಯಾರು ಸಮಾಧಾನ ಹೇಳುತ್ತಾರೆ? ಅವಳು ಅಳುವಂತೆಯೂ ಇರಲಿಲ್ಲ, ನಗುವಂತೆಯೂ ಇರಲಿಲ್ಲ.

ಒಂದು ದಿನ ಅವಳೇ, ಪೊಲೀಸರು ಮನೆಗೆ ಕೊಟ್ಟು ಕಳಿಸಿದ್ದ ರಾಡನ್ನು ಯುನೂಸನ ಮುಂದೆ ತಂದಿಟ್ಟಳು.

"ಭಾಯಿ, ನೀವು ಪೊಲೀಸರ ಜೋಡಿ ಹೋದ್ರಿ, ಅದಕ್ಕ ಯಾರೂ ಮಾತಾಡಲಿಲ್ಲ. ಇದನ್ನ ಹಿಡಕೊಂಡು ಹೋಗ್ರಿ. ಅವರ ಹಂಗ ದಂಡಿ ಮ್ಯಾಲ ನಿಂದರ್ರಿ. ಮೀನು ಹಿಡ್ಯಾಂವನ ಜೋಡಿ ಮೀನು ಹಿಡ್ಯಾಂವ ಮಾತಾಡ್ತಾನ."

"ನನಗ ಇದನ್ನ ಹಿಡ್ಯಾಕರ ಎಲ್ಲಿ ಬರ್ತೈತಿ?"

"ಅವರಿಗೂ ಬರ್ತಿರಲಿಲ್ಲ. ಕಲೀರಿ."

ಹೀಗೆ ಶುರುವಾದದ್ದು ಅದು. ಬೆರಳಿಗೆ ಬಟ್ಟೆ ಕಟ್ಟಿಕೊಂಡು ಮನೆಗೆ ಬಂದ ಯುನೂಸನ ಕಥೆ ಕೇಳಿ ಅವನ ಹೆಂಡತಿ ಶಹನಾಜ ಬೈದಳು, ಆಫ್ರೀನ ಕಿತ್ತ ದಾರದ ತುದಿಯನ್ನು ಬೆಳಕಿಗೆ ಹಿಡಿದು ನೋಡಿದಳು. ತೆಳ್ಳನೆ ದಾರಕ್ಕೆ ಅಷ್ಟು ಭಾರದ ಗುಂಡು ಕಟ್ಟಿ ಬೀಸಿದರೆ ಎಲ್ಲಿ ತಾಳೀತು? ಮುಂದಿನ ನಾಲ್ಕು ಮಾರು ದಪ್ಪ ದಾರವಿರಬೇಕು, ಎಸೆಯುವ ಪೆಟ್ಟನ್ನು ಅದು ತಿನ್ನಬೇಕು. ಇದು ಸಮುದ್ರದ ಗಾಳದವರ ಮೊದಲ ಪಾಠ. ಯುನೂಸ ಎಷ್ಟು ಗಂಟು ಹಾಕಿದರೂ ದಪ್ಪ ದಾರದಿಂದ ತೆಳ್ಳನೆಯದು ಜಾರಿ ಬರುತ್ತಿತ್ತು. ಅವಳು ಎರಡನ್ನೂ ತುಟಿಯಲ್ಲಿ ಒದ್ದೆ ಮಾಡಿ, ಒಂದರ ಕೊಂಡಿಯೊಳಗೆ ಇನ್ನೊಂದನ್ನು ಹೊಗಿಸಿ, ಏಳು ಸುತ್ತು ಸುತ್ತಿ ಮೆಲ್ಲಗೆ ಎಳೆದಳು. ಬೆರಳಿಗೆ ತಾಕದಷ್ಟು ಸಣ್ಣ ಗಂಟು. "ಅವರಿಗೂ ನಾನs ಹಾಕಿ ಕೊಟ್ಟಿದ್ದೆ," ಎಂದಳು.

ಆಮೇಲೆ ಗುಂಡು ಹಾರಿ ಹೋಗಲಿಲ್ಲ. ಬೇರೆ ಗೋಳುಗಳಿದ್ದವು. ಬೆರಳು ಬೇಗ ಬಿಟ್ಟರೆ ಗುಂಡು ಆಕಾಶಕ್ಕೆ, ತಡವಾಗಿ ಬಿಟ್ಟರೆ ಕಾಲ ಬುಡಕ್ಕೆ. ಗಾಳಿಗೆ ದಾರ ಸಡಿಲಾಗಿ ರೀಲಿನ ಮೇಲೆ ಹಕ್ಕಿಗೂಡಿನ ಹಾಗೆ ಸಿಕ್ಕುಗಟ್ಟಿತು. ಎರಡು ವಾರಕ್ಕೆ ಯುನೂಸನಿಗೆ ಒಂದು ಗುಟ್ಟು ತಿಳಿಯಿತು: ರಟ್ಟೆಯ ಬಲದಿಂದ ಬೀಸುವುದಲ್ಲ, ಮೇಲಿನ ಕೈ ತಳ್ಳಬೇಕು, ಕೆಳಗಿನ ಕೈ ಎಳೆಯಬೇಕು, ಉಳಿದದ್ದನ್ನು ರಾಡೇ ಮಾಡುತ್ತದೆ. ತಿಂಗಳಾದ ಮೇಲೆ ಗುಂಡು ಈರಪ್ಪನ ಹರಗೋಲನ್ನು ದಾಟಿ ಬಿತ್ತು. ಈರಪ್ಪ ನಗುವುದನ್ನು ಬಿಟ್ಟ. "ಖರೇನ ಕಲತ್ರಿ ಬಿಡ್ರಿ," ಎಂದ. ಯುನೂಸ ಹಳೇ ರೂಢಿಯಂತೆ ನೀರಿನ ಅಂಚಿಗೆ ಮೂರು ಕಲ್ಲು ಇಟ್ಟು, ದಿನದಿನಕ್ಕೆ ಇಳಿಯುವ ನೀರಿನ ಹಿಂದೆ ತಾನೂ ಮುಂದೆ ಮುಂದೆ ಹೋಗಿ ನಿಲ್ಲುತ್ತಿದ್ದ.

ರಂಜಾನ ಹಬ್ಬ ಬಂತು. ಅಮೀನಬಿ ರಿಜ್ವಾನನಿಗೂ ಹೊಸ ಬಟ್ಟೆ ಹೊಲಿಸಿ ಇಟ್ಟಿದ್ದಳು. ಹಬ್ಬದ ದಿನ ಮೂರು ಸಲ ಬಾಗಿಲಿಗೆ ಹೋಗಿ ಬಂದಳು. ಹಾಲು ಶಾವಿಗೆಯ ಸುರಕುಂಬಾ ಆರಿ ಕೆನೆಗಟ್ಟಿತು. ಮರುದಿನ ಅವಳು ಒಂದು ತೀರ್ಮಾನಕ್ಕೆ ಬಂದಿದ್ದಳು.

"ಹಬ್ಬಕ್ಕೂ ಬರಲಿಲ್ಲ ಅಂದ್ರ, ಈಕಿ ಈ ಮನ್ಯಾಗ ಇರೂಮಟ ಅಂವ ಬರೂದಿಲ್ಲ. ಈಕಿ ಇಲಕಲ್ಲಿಗೆ ಹೋಗ್ಲಿ. ಅಲ್ಮಾಸ ಇಲ್ಲೇ ಇರ್ತಾಳ. ಮಗಳ ಮಾರಿ ನೋಡಾಕರ ಬಂದಾನು."

ಅಲ್ಮಾಸಳಿಗೆ ಆರು ವರ್ಷ. ಆಫ್ರೀನಳ ಕೈಯಲ್ಲಿದ್ದ ತಾಟು ಕೆಳಗೆ ಬಿತ್ತು. ಯುನೂಸ ತಾಯಿಗೆ ಬುದ್ಧಿ ಹೇಳಿ ನೋಡಿದ, ಶಹನಾಜ ಹೇಳಿ ನೋಡಿದಳು. ಮುದುಕಿ ಹಿಡಿದ ಹಟ ಬಿಡಲಿಲ್ಲ. ಇಲಕಲ್ಲಿಗೆ ಫೋನು ಹೋಯಿತು. ಆಫ್ರೀನಳ ಅಪ್ಪ ಹುಸೇನಪೀರ, ಮಗ್ಗದ ಮೇಲಿನ ಸೀರೆ ಇಳಿಸಿ ಏಪ್ರಿಲ್ ಕೊನೆಯ ಸೋಮವಾರ ಬಂದು ಕರೆದುಕೊಂಡು ಹೋಗುತ್ತೇನೆಂದ. ಬಡವ, ಬೀಗರ ಮುಂದೆ ಎದುರು ಮಾತಾಡಲಾರದವ.

ಅದರ ಹಿಂದಿನ ದಿನ, ಐತವಾರ, ಯುನೂಸ ರಾಡು ಹೊತ್ತು ಅಂಕೋಲಾದ ಆಚೆಯ ಆ ದಂಡೆಗೆ ಹೋಗಿ ನಿಂತ.

ಅಬ್ಬಾ, ಅದೇನು ಸದ್ದು! ಹಿಂದೆ ಬಂದಾಗ ಅವನು ಸಮುದ್ರವನ್ನು ನೋಡಿಯೇ ಇರಲಿಲ್ಲ, ತಮ್ಮನನ್ನು ಹುಡುಕಿದ್ದ. ಈಗ ನೋಡಿದ. ಮಧ್ಯಾಹ್ನದ ಮೂರೂವರೆ. ತೆರೆಗಳು ದೂರದಲ್ಲಿ ಮುರಿಯುತ್ತಿದ್ದವು, ಮುಂದೆಲ್ಲ ಹಸಿ ಮರಳು, ಅದರಾಚೆ ಒಂದು ಕಪ್ಪು ಬಂಡೆ. ಬಂಡೆಯ ಬುಡದವರೆಗೂ ನಡೆದು ಹೋಗಬಹುದಿತ್ತು. ಸಿಗಡಿಯ ತುಣುಕು ಸಿಕ್ಕಿಸಿ ಎರಡು ಸಲ ಎಸೆದ, ಎರಡು ಸಲವೂ ತೆರೆ ಗುಂಡನ್ನು ಒದ್ದು ದಂಡೆಗೇ ತಂದು ಹಾಕಿತು. ಬಂಡೆಯ ಮೇಲೆ ನಿಂತರೆ ತೆರೆ ದಾಟಿಸಬಹುದು ಎನಿಸಿತು. ಕೈ ತಾನಾಗಿಯೇ ಮೂರು ಕಲ್ಲು ಆರಿಸಿತು. ನೀರಿನ ಅಂಚಿಗೆ ಇಟ್ಟು ಬೀಡಿ ಹಚ್ಚಿದ. ಬೀಡಿ ಮುಗಿಯುವುದರೊಳಗೆ ಮೂರೂ ಕಲ್ಲು ನೀರಿನಿಂದ ಹೊರಗಿದ್ದವು. ಇಳಿಯುತ್ತಿದೆ. ಯುನೂಸ ಧೈರ್ಯವಾಗಿ ಬಂಡೆ ಹತ್ತಿದ.

ಎಸೆದ ಗಾಳ ಈ ಸಲ ತೆರೆಯಾಚೆ ಬಿತ್ತು. ಮನಸ್ಸಿಗೆ ಏನೋ ಒಂದು ಖುಷಿ, ಆ ಖುಷಿಯ ಬೆನ್ನಿಗೇ ನಾಚಿಕೆ. ಎಷ್ಟು ಹೊತ್ತು ನಿಂತಿದ್ದನೋ, ದಂಡೆಯಿಂದ ಯಾರೋ ಕೂಗುತ್ತಿದ್ದರು. ಒಬ್ಬ ಮುದುಕ, ಸೊಂಟಕ್ಕೆ ಪಂಚೆ, ಕೈ ಬೀಸಿ ಬಾ ಬಾ ಎನ್ನುತ್ತಿದ್ದ. ಯುನೂಸನೂ ಕೂಗಿದ, "ನೀರು ಇಳ್ಯಾಕತ್ತೈತ್ರಿ! ಕಲ್ಲು ಇಟ್ಟ ನೋಡೀನಿ!" ಮುದುಕ ಹಣೆ ಬಡಿದುಕೊಂಡ. ನೀರಿನಲ್ಲಿ ಕಾಲು ಹಾಕುತ್ತ ತಾನೇ ಬಂದ, ಬಂದವನು ಇವನ ರಟ್ಟೆ ಹಿಡಿದು ದರದರ ಎಳೆದ. ಬರುವಾಗ ನೀರೇ ಇಲ್ಲದ ಮರಳಿನಲ್ಲಿ ಈಗ ಮೊಣಕಾಲು ನೀರಿತ್ತು.

"ಯಾವ ಊರು ನಿಂದು?" ದಂಡೆಗೆ ಬಂದ ಮೇಲೆ ಮುದುಕ ಬೈದ. "ಇವತ್ತು ಅಮಾಸೆ. ಅಮಾಸೆ ಹುಣ್ಣಿಮೆಗೆ ನೀರು ಎಷ್ಟು ಹಿಂದೆ ಹೋಗ್ತದೋ ಅಷ್ಟೇ ಜೋರಾಗಿ ಭರತ ಬರ್ತದೆ. ದಿನಕ್ಕೆ ಎರಡು ಸಲ ಏರ್ತದೆ, ಎರಡು ಸಲ ಇಳೀತದೆ. ಸಣ್ಣ ಮಕ್ಕಳಿಗೂ ಗೊತ್ತಿರ್ತದಲ್ಲೋ!"

"ದಿನಕ್ಕ ಎರಡು ಸಲ?" ಎಂದ ಯುನೂಸ.

ನಗಬೇಡಿ. ನಲವತ್ನಾಲ್ಕು ವರ್ಷದವನು, ಸಾಲಿ ಓದಿದವನು. ಭರತ ಇಳಿತ ಎಂಬುದನ್ನು ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದ. ಆದರೆ ಕಣ್ಣಿಗೆ ಗೊತ್ತಿದ್ದದ್ದು ಹಿನ್ನೀರು. ವರ್ಷಕ್ಕೊಮ್ಮೆ ಏರಿ ವರ್ಷಕ್ಕೊಮ್ಮೆ ಇಳಿಯುವ ನೀರು. ಬಾಯಿಪಾಠದ ನೀರು ಬೇರೆ, ಕಾಲು ತೊಯ್ಯಿಸಿದ ನೀರು ಬೇರೆ. ಇಬ್ಬರೂ ಮರಳಿನ ಮೇಲೆ ಕೂತು ನೋಡಿದರು. ಹೊತ್ತು ಮುಳುಗುವ ಹೊತ್ತಿಗೆ ಅವನು ನಿಂತಿದ್ದ ಬಂಡೆಯ ನಡುವಿನವರೆಗೆ ನೀರು ಬಂದಿತ್ತು. ಆಮೇಲೆ ತುದಿ. ಆಮೇಲೆ ಅಲ್ಲಿ ಬಂಡೆ ಇತ್ತೆಂದು ಹೇಳಿದರೆ ಯಾರೂ ನಂಬುತ್ತಿರಲಿಲ್ಲ.

ಮುದುಕ ಆಗಲೇ ರಾಡಿನ ಹಿಡಿಕೆಯನ್ನು ನೋಡುತ್ತಿದ್ದ. "ಈ ಕೆಂಪು ದಾರದ ಕೋಲು ನಿಂಗೆಲ್ಲಿ ಸಿಕ್ತು?"

"ನನ್ನ ತಮ್ಮಂದ್ರಿ."

"ಚಳಿಗಾಲದಲ್ಲಿ, ಅಮಾಸೆ ಮರುದಿನ ಬೆಳಿಗ್ಗೆ ಇದು ಇಲ್ಲೇ ಬಿದ್ದಿತ್ತು. ಭರತ ತಂದು ಹಾಕಿತ್ತು. ಸಮುದ್ರದ ಪಾಚಿ ಸುತ್ತಿಕೊಂಡಿತ್ತು, ದಾರ ಹರಿದಿತ್ತು. ಯಾರಾದರೂ ಎಡವಿ ಬಿದ್ದಾರು ಅಂತ ಪಾಚಿ ಬಿಡಿಸಿ, ತೊಳೆದು, ದೋಣಿಗೆ ಆನಿಸಿ ಇಟ್ಟೆ." ಮುದುಕ ಮೆಲ್ಲಗೆ, "ಪೊಲೀಸರು ಬಂದಿದ್ರು. ನನ್ನ ಕೇಳಲಿಲ್ಲ. ನಾನೂ ಹೋಗಿ ಹೇಳಲಿಲ್ಲ. ನಮ್ಗೆ ಯಾಕೆ ಅಂತ..." ಎಂದ.

ಯುನೂಸ ಮೊಬೈಲು ತೆಗೆದ. ತಮ್ಮನ ಕೊನೆಯ ಫೋಟೊ. ಮೂರು ಕಲ್ಲು, ಮೂರೂ ಒಣಗಿದ್ದವು. ಅವುಗಳಾಚೆ ಇದೇ ಬಂಡೆ. ಕೆಳಗೆ ರಿಜ್ವಾನ ಬರೆದಿದ್ದ: ಭಾಯಿ, ಮುಂದ ಹೋಗ್ಲೇನು? ಅದರ ಕೆಳಗೆ ಯುನೂಸ ಕಳಿಸಿದ ಹನ್ನೊಂದು ಸೆಕೆಂಡಿನ ದನಿ. ಅಂಗಡಿಯಲ್ಲಿ ಗಿರಾಕಿಗಳು ನಿಂತಿದ್ದರು, ಗಡಿಬಿಡಿಯಲ್ಲಿ ಏನೋ ಹೇಳಿ ಕಳಿಸಿದ್ದ, ಮರೆತೂ ಬಿಟ್ಟಿದ್ದ. ಈಗ ಕಿವಿಗೆ ಹಿಡಿದು ಕೇಳಿದ. ಒಂದು ಸಲ ಕೇಳಿ, ಮರಳಿನ ಮೇಲೆ ಬೋರಲಾಗಿ ಬಿದ್ದು ಮಗುವಿನಂತೆ ಅತ್ತ. ಮುದುಕ ಅವನ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದ.

ಮರಳಿ ಬರುವ ಬಸ್ಸಿನಲ್ಲಿ ಅವನು ಮೊಬೈಲನ್ನು ಎಷ್ಟು ಸಲ ತೆಗೆದನೋ, ಎಷ್ಟು ಸಲ ಕಿಸೆಗೆ ಹಾಕಿದನೋ. ಅಳಿಸಿಬಿಟ್ಟರೆ ಮುಗಿಯಿತು. ರಾಡಿನ ಮಾತು ಹೇಳಿದರೆ ಸಾಕಲ್ಲ, ಆಫ್ರೀನ ಪಾರಾಗುತ್ತಾಳೆ. ದನಿಯ ಮಾತು ಯಾಕೆ? ಇದನ್ನು ಕೇಳಿದ ತಾಯಿ ಇನ್ನು ನನ್ನ ಮುಖ ನೋಡಿಯಾಳೇ? ಒಬ್ಬ ಮಗ ಹೋದ, ಇನ್ನೊಬ್ಬನನ್ನೂ ಕಳೆದುಕೊಂಡಾಳು. ಹೀಗೆ ತನಗೆ ತಾನೇ ನ್ಯಾಯ ಹೇಳಿಕೊಳ್ಳುತ್ತ ಬಂದ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸುವಾಗ ಬೆರಳು ಅಳಿಸುವ ಗುರುತಿನ ಮೇಲೇ ಇತ್ತು. ಒತ್ತಲಿಲ್ಲ. ಒತ್ತುವುದಿಲ್ಲ ಎಂದೂ ನಿರ್ಧರಿಸಿರಲಿಲ್ಲ.

ಸೋಮವಾರ ಅವನು ಮನೆಗೆ ಬಂದಾಗ ಆಫ್ರೀನಳ ಬ್ಯಾಗು ಬಾಗಿಲ ಬಳಿ ಇತ್ತು. ಅದರಲ್ಲಿ ಅಲ್ಮಾಸಳ ಬಟ್ಟೆ ಇರಲಿಲ್ಲ. ಮಗಳು ಪರಿಸ್ಥಿತಿ ತಿಳಿಯದೆ ತಾಯಿಯ ಸೆರಗು ಹಿಡಿದು, "ನಾನೂ ಬರ್ತೇನಿ, ಅಜ್ಜಾನ ಮಗ್ಗ ನೋಡ್ತೇನಿ," ಎಂದು ಕಾಡುತ್ತಿದ್ದಳು. ಶಹನಾಜ ಅವಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು.

ಯುನೂಸ ರಾಡನ್ನು ಗೋಡೆಗೆ ಆನಿಸಿ, ತಾಯಿಯ ಮುಂದೆ ನೆಲದ ಮೇಲೆ ಕೂತು ಹೇಳಿದ. ಮುದುಕ ಹೇಳಿದ್ದು, ಪಾಚಿ, ಹರಿದ ದಾರ, ದೋಣಿ. ಅಮಾವಾಸ್ಯೆಯ ನೀರು, ಮುಳುಗಿದ ಬಂಡೆ. ಆಫ್ರೀನ ಅಡುಗೆಮನೆಯ ಚೌಕಟ್ಟು ಹಿಡಿದು ನಿಂತಿದ್ದಳು. ಅಮೀನಬಿ ತಲೆ ಅಲ್ಲಾಡಿಸುತ್ತಲೇ ಇದ್ದಳು.

"ಸುಳ್ಳು. ಮಡಗಾಂವದಾಗ ನೋಡ್ಯಾರ ಅವನ್ನ. ಆ ಮುದುಕ ಯಾರೋ ಏನೋ, ಅಂವ ಹೇಳಿದ್ದನ್ನ ನಂಬ್ತಿ?"

"ಖರೇ ಐತಿ ಅಮ್ಮಾ."

"ಅಲ್ಲಪಾ ಯುನೂಸಾ, ನೀನs ಹೇಳು. ಅಂವ ನೀರಿಗೆ ಅಂಜು ಹುಡುಗ. ಬಕೀಟ ನೀರಿಗೂ ಅಂಜ್ತಿದ್ದ ಸಣ್ಣಾಂವಿದ್ದಾಗ. ಅಂಥಾಂವ ಸಮುದ್ರದಾಗಿನ ಬಂಡಿಗೆ ಯಾಕ ಹೋದಾನು? ಯಾರ ಅವಗ ಹೋಗು ಅಂದ್ರು?"

ಯುನೂಸ ತಾಯಿಯ ಮುಖ ನೋಡಿದ. ಅವಳ ಕಣ್ಣಲ್ಲಿ ಗೆದ್ದೆನೆಂಬ ಹಟವಿತ್ತು. ಬಾಗಿಲ ಬಳಿಯ ಬ್ಯಾಗು ನೋಡಿದ. ಇನ್ನು ದಾರಿ ಉಳಿದಿರಲಿಲ್ಲ.

"ನಾನs ಅಮ್ಮಾ," ಎಂದ. "ನಾ ಹೋಗು ಅಂದೆ, ಅದಕ್ಕ ಹೋದ."

ಮೊಬೈಲನ್ನು ನೆಲದ ಮೇಲಿಟ್ಟು ಒತ್ತಿದ. ಅಂಗಡಿಯ ಗಲಾಟೆ, ಯಾರದೋ ನಗು, ಅದರ ನಡುವೆ ಅವನದೇ ದನಿ, ಖುಷಿಯಾಗಿ, ಜೋರಾಗಿ:

"ಏ ಖೋಡಿ, ಕಲ್ಲು ಒಣಗ್ಯಾವಲ್ಲ, ಮತ್ತೇನ ಕೇಳ್ತಿ? ಇಳದ ನೀರು ಏರೂದಿಲ್ಲಲೇ! ಇನ್ನೂ ಅಂಜ್ತಿಯೇನ? ಹೋಗು ಮುಂದ, ದೊಡ್ಡ ಮೀನು ಅಲ್ಲೇ ಇರ್ತಾವ."

ಅಮೀನಬಿ ಮೊಬೈಲನ್ನೇ ನೋಡುತ್ತಿದ್ದಳು.

"ಇನ್ನೊಮ್ಮೆ ಹಚ್ಚು."

ಹಚ್ಚಿದ.

"ಇನ್ನೊಮ್ಮೆ."

ಮೂರನೆಯ ಸಲ ಮುಗಿದ ಮೇಲೆ ಅವಳ ಮುಖದ ಮೇಲಿನ ಹಟವೆಲ್ಲ ಕಳಚಿ ಬಿದ್ದು, ಒಮ್ಮೆಗೇ ಹತ್ತು ವರ್ಷ ಮುದುಕಿಯಾದಂತೆ ಕಂಡಳು. ಅಡುಗೆಮನೆಯ ಬಾಗಿಲಲ್ಲಿ ಆಫ್ರೀನ ಕುಸಿದು ಕೂತಿದ್ದಳು. ಐದು ತಿಂಗಳು ತಡೆದಿಟ್ಟ ಅಳು ಕಟ್ಟೆಯೊಡೆದು ಬಂತು. "ಬಿಟ್ಟ ಹೋಗಿಲ್ರೀ... ಅಮ್ಮಾ, ನನ್ನ ಬಿಟ್ಟ ಹೋಗಿಲ್ಲ ಅವರು..." ಗಂಡ ಸತ್ತ ಸುದ್ದಿ ಕೇಳಿ ಹೆಣ್ಣೊಬ್ಬಳು ಹಾಗೆ ಅತ್ತದ್ದನ್ನು, ಆ ಅಳುವಿನಲ್ಲಿ ಅಷ್ಟೊಂದು ಹಗುರ ಇದ್ದದ್ದನ್ನು ಯುನೂಸ ಎಂದೂ ಕೇಳಿರಲಿಲ್ಲ.

ಅಮೀನಬಿ ಗೋಡೆ ಹಿಡಿದು ಎದ್ದಳು. ಸೊಸೆಯ ಪಕ್ಕದಲ್ಲಿ ಹೋಗಿ ಕೂತು, ಅವಳ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಹಸಿರು ಗಾಜಿನ ಬಳೆಗಳನ್ನು ಒಡೆಯಲಿಲ್ಲ. ಬೆರಳುಗಳನ್ನು ಒತ್ತಿ ಹಿಡಿದು, ನೋಯದ ಹಾಗೆ, ಒಂದೊಂದೇ ಜಾರಿಸಿ ತೆಗೆದಳು. ಒಂದು ಕೈಯದು ಆಯಿತು, ಇನ್ನೊಂದು ಕೈಯದು ಆಯಿತು. "ಹೌದವ್ವಾ," ಎಂದಳು. "ಬಿಟ್ಟ ಹೋಗಿಲ್ಲ ನಿನ್ನ. ನನ್ನ ನಾಲಿಗಿಗೆ ಬೆಂಕಿ ಬೀಳ್ಲಿ."

ಹುಸೇನಪೀರ ಬಂದಾಗ ಮಧ್ಯಾಹ್ನದ ನಮಾಜು ಆಗಿತ್ತು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಹಿಂಜರಿಯುತ್ತ ನಿಂತವನಿಗೆ ಅಮೀನಬಿಯೇ ಹೇಳಿದಳು. "ಒಳಗ ಬರ್ರಿ ಬೀಗರ. ನಿಮ್ಮ ಮಗಳು ಎಲ್ಲೂ ಬರಂಗಿಲ್ಲ. ಆಕಿ ಇದ್ದತ್ತು ಈ ಮನ್ಯಾಗs ಕುಂಡರ್ತಾಳ. ಆಕಿ ಮಗಳೂ ಆಕಿ ಜೋಡಿನs ಇರ್ತಾಳ." ಬ್ಯಾಗನ್ನು ಅವಳೇ ಎತ್ತಿ ಒಳಗೆ ತೆಗೆದುಕೊಂಡು ಹೋದಳು.

ಯುನೂಸ ಅಲ್ಲೇ ಕೂತಿದ್ದ. ಯಾರೂ ಅವನನ್ನು ಬೈದಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ತಾಯಿ ಹೊರಗೆ ಬಂದಾಗ ಅವನು ಮೊಬೈಲು ಎತ್ತಿಕೊಂಡು, ಸಣ್ಣ ಹುಡುಗನಂತೆ ಕೇಳಿದ. "ಅಮ್ಮಾ, ಇದನ್ನ ಅಳಿಸಿ ಬಿಡ್ಲ್ಯಾ?"

ಅಮೀನಬಿ ಅವನ ಕಡೆ ನೋಡದೆ ಗೋಡೆಗೆ ಆನಿಸಿದ ರಾಡನ್ನು, ಅದರ ಕೆಂಪು ದಾರವನ್ನು ನೋಡುತ್ತ ನಿಂತಳು.

"ಬ್ಯಾಡ," ಎಂದಳು. "ನನ್ನ ಮಗ ಕಡೀಕ ಕೇಳಿದ ದನಿ ಅದು. ಇಟ್ಕೊ. ದಿನಾ ಕೇಳು."